ನೀರು ಹೊತ್ತವನ ಕೈಗೆ ಎರಡು ವಿಶ್ವಕಪ್: ದಿದಿಯೆ ದೆಶಾಂ

ಆಟಗಾರನಾಗಿಯೂ ತರಬೇತುದಾರನಾಗಿಯೂ ವಿಶ್ವಕಪ್ ಫುಟ್‌ಬಾಲ್ ಗೆದ್ದ ಕೀರ್ತಿ ಮೊದಲು ಬ್ರೆಜಿಲ್‌ನ ಮಾರಿಯೊ ಜಗಾಲೊ ಅವರಿಗೂ ಅನಂತರ ಜರ್ಮನಿಯ ಫ್ರಾನ್ಸ್ ಬೆಕೆನ್‌ಬಾವರ್ ಅವರಿಗೂ ಸಂದಿತು. 2018ರ ಜುಲೈ 15ರಂದು ಮಾಸ್ಕೋದಲ್ಲಿ ಈ ಸಾಲಿಗೆ ಮೂರನೆಯವರಾಗಿ ಸೇರಿದವರು ಫ್ರಾನ್ಸಿನ ದಿದಿಯೆ ದೆಶಾಂ. ನಮ್ಮ ಪತ್ರಿಕೆಗಳು ಇವರನ್ನು ಡಿಡಿಯರ್ ಡೆಶಾಂಪ್ಸ್ ಎಂದು ಬರೆಯುವುದುಂಟು. ಚೆಂಡಿನೊಡನೆ ಚಮತ್ಕಾರ ಮಾಡಿದ ಆಟಗಾರರ ನಡುವೆ, ಅಂಥ ಚಮತ್ಕಾರವಿಲ್ಲದೆಯೇ ಮೇಲೇರಿದ ಕ್ರೀಡಾಜೀವನ ಇವರದು.

ಆರಂಭದ ದಿನಗಳು

ದೆಶಾಂ ಹುಟ್ಟಿದ್ದು 1968ರ ಅಕ್ಟೋಬರ್ 15ರಂದು, ನೈಋತ್ಯ ಫ್ರಾನ್ಸಿನ ಬಾಸ್ಕ್ ಸೀಮೆಯ ಬಯೊನ್ ಪಟ್ಟಣದಲ್ಲಿ. 1983ರಲ್ಲಿ, ಇನ್ನೂ ಬಾಲಕನಾಗಿದ್ದಾಗಲೇ ಮನೆ ಬಿಟ್ಟು ನಾಂತ್ ಕ್ಲಬ್ಬಿನ ತರಬೇತಿ ಕೇಂದ್ರವನ್ನು ಸೇರಿದರು. 1985ರಲ್ಲಿ ಅದರ ಹಿರಿಯರ ತಂಡದಲ್ಲಿ ಸ್ಥಾನ ಪಡೆದರು. 1987ರ ಡಿಸೆಂಬರಿನಲ್ಲಿ ಅಣ್ಣ ಫಿಲಿಪ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಗ ತಮ್ಮನಿಗೆ ಕೇವಲ ಹತ್ತೊಂಬತ್ತು ವರ್ಷ.

1989ರಲ್ಲಿ ಅವರು ಮಾರ್ಸೇ ಕ್ಲಬ್ಬಿಗೆ ಬಂದರು. 1993ರ ಮೇ 26ರಂದು ಮ್ಯೂನಿಕ್‌ನಲ್ಲಿ ಎ.ಸಿ. ಮಿಲಾನ್ ತಂಡವನ್ನು 1-0ರಿಂದ ಸೋಲಿಸಿ ಮಾರ್ಸೇ ಚಾಂಪಿಯನ್ಸ್ ಲೀಗ್ ಗೆದ್ದಾಗ, ನಾಯಕ ದೆಶಾಂ ಅವರಿಗೆ 24 ವರ್ಷ. ಆದರೆ ಲಂಚದ ಹಗರಣವೊಂದು ಬಯಲಾಗಿ, ಅದೇ ವರ್ಷದ ರಾಷ್ಟ್ರೀಯ ಲೀಗ್ ಪ್ರಶಸ್ತಿಯನ್ನು ಕ್ಲಬ್ಬು ಕಳೆದುಕೊಂಡಿತು. ನವೆಂಬರಿನಲ್ಲಿ ಫ್ರಾನ್ಸ್ ತಂಡ ಪ್ಯಾರಿಸ್ಸಿನಲ್ಲಿ ಬಲ್ಗೇರಿಯಾಕ್ಕೆ ಸೋತು, 1994ರ ವಿಶ್ವಕಪ್ಪಿನ ಅರ್ಹತೆಯನ್ನೇ ಕಳೆದುಕೊಂಡಿತು. ಏಳು ಬೀಳುಗಳೆರಡನ್ನೂ ಒಂದೇ ವರ್ಷದಲ್ಲಿ ಅವರು ಕಂಡರು.

ಹಂಗಿಸಿದ ಮಾತು

1994ರಲ್ಲಿ ಇಟಲಿಯ ಯುವೆಂಟಸ್ ಸೇರಿದ ದೆಶಾಂ ಮೂರು ಲೀಗ್ ಪ್ರಶಸ್ತಿಗಳಲ್ಲದೆ 1996ರ ಚಾಂಪಿಯನ್ಸ್ ಲೀಗಿನಲ್ಲೂ ಪಾಲುದಾರರಾದರು. ಅದೇ ಸುಮಾರಿಗೆ, ರಾಷ್ಟ್ರೀಯ ತಂಡದ ಹಳೆಯ ಜೊತೆಗಾರ ಎರಿಕ್ ಕ್ಯಾಂಟೊನಾ ಅವರನ್ನು 'ನೀರು ಹೊರುವವನು' ಎಂದು ಹಂಗಿಸಿದರು. ಎದುರಾಳಿಯಿಂದ ಚೆಂಡು ಕಸಿಯುವುದು, ತನಗಿಂತ ಪ್ರತಿಭಾವಂತನಿಗೆ ಅದನ್ನು ಒಪ್ಪಿಸುವುದು, ಮತ್ತೆ ಓಡುವುದು: ಮಧ್ಯಮೈದಾನದಲ್ಲಿ ದೆಶಾಂ ಮಾಡುತ್ತಿದ್ದುದು ಇಷ್ಟೇ. 103 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅವರು ಹೊಡೆದ ಗೋಲು ನಾಲ್ಕು ಮಾತ್ರ. ಆದರೆ 1998ರಲ್ಲಿ ಬ್ರೆಜಿಲ್ಲನ್ನು 3-0ರಿಂದ ಮಣಿಸಿದ ಫ್ರಾನ್ಸಿನ ಮೊದಲ ವಿಶ್ವಕಪ್ಪನ್ನೂ, 2000ದ ಯುರೋ ಕಪ್ಪನ್ನೂ ನಾಯಕನಾಗಿ ಎತ್ತಿಹಿಡಿದವರು ಅವರೇ. ಜಿದಾನ್ ಮುಂದೆ ನಿಶ್ಚಿಂತೆಯಿಂದ ಆಡಬೇಕಾದರೆ ಹಿಂದೆ ಇಂಥವರೊಬ್ಬರು ಇರಲೇಬೇಕಿತ್ತು.

ತರಬೇತುದಾರರಾಗಿ

2001ರಲ್ಲಿ ಆಟದಿಂದ ನಿವೃತ್ತರಾದ ದೆಶಾಂ, ಮೊನಾಕೊ ತಂಡವನ್ನು 2004ರ ಚಾಂಪಿಯನ್ಸ್ ಲೀಗ್ ಫೈನಲ್ಲಿಗೆ ಕೊಂಡೊಯ್ದರು. ಅಲ್ಲಿ ಪೋರ್ಟೊ ಎದುರು ಸೋಲಾಯಿತು. 2006ರಲ್ಲಿ ಹಗರಣದ ದಂಡನೆಯಿಂದ ಎರಡನೇ ದರ್ಜೆಗೆ ಇಳಿದಿದ್ದ ಯುವೆಂಟಸ್ಸಿನ ಹೊಣೆ ಹೊತ್ತು, ಒಂದೇ ಋತುವಿನಲ್ಲಿ ಅದಕ್ಕೆ ಮೇಲ್ದರ್ಜೆಯನ್ನು ಮರಳಿ ದೊರಕಿಸಿದರು. 2010ರಲ್ಲಿ ಮಾರ್ಸೇಗೆ 18 ವರ್ಷಗಳ ಬಳಿಕ ಲೀಗ್ ಪ್ರಶಸ್ತಿ ತಂದುಕೊಟ್ಟರು.

ಅದೇ ವರ್ಷ ದಕ್ಷಿಣ ಆಫ್ರಿಕದಲ್ಲಿ ಫ್ರಾನ್ಸ್ ಆಟಗಾರರು ಅಭ್ಯಾಸವನ್ನೇ ಬಹಿಷ್ಕರಿಸಿ ದೇಶದ ಕೋಪಕ್ಕೆ ಗುರಿಯಾಗಿದ್ದರು. ಆ ಗಾಯ ಇನ್ನೂ ಹಸಿಯಾಗಿದ್ದ 2012ರಲ್ಲಿ ದೆಶಾಂ ರಾಷ್ಟ್ರೀಯ ತಂಡದ ಹೊಣೆ ಹೊತ್ತರು. 2016ರ ಯುರೋ ಫೈನಲ್ಲಿನಲ್ಲಿ ಸ್ವದೇಶದಲ್ಲೇ ಪೋರ್ಚುಗಲ್ಲಿಗೆ ಸೋತರೂ, 2018ರಲ್ಲಿ ಕ್ರೊಯೇಷಿಯಾವನ್ನು 4-2ರಿಂದ ಸೋಲಿಸಿ ವಿಶ್ವಕಪ್ ಗೆದ್ದರು. ಆ ಕೂಟದಲ್ಲಿ ಮುಂಚೂಣಿಯ ಆಟಗಾರ ಒಲಿವಿಯೆ ಜಿರೂ ಏಳೂ ಪಂದ್ಯಗಳಲ್ಲಿ ಆಡಿ ಒಂದೂ ಗೋಲು ಹೊಡೆಯಲಿಲ್ಲ. ಆದರೂ ದೆಶಾಂ ಅವರನ್ನು ಕೈಬಿಡಲಿಲ್ಲ. ಗ್ರೀಜ್‌ಮನ್ ಹಾಗೂ ಎಂಬಾಪೆಗೆ ದಾರಿ ಬಿಡಿಸಿಕೊಡುವ ಕೆಲಸದ ಬೆಲೆ ಅವರಿಗೆ ಸ್ವಾನುಭವದಿಂದ ತಿಳಿದಿತ್ತು.

ಟೀಕೆಗಳಿಗೇನೂ ಕೊರತೆಯಿರಲಿಲ್ಲ. ಇಷ್ಟೊಂದು ಪ್ರತಿಭೆಯನ್ನಿಟ್ಟುಕೊಂಡು ಇಷ್ಟು ಎಚ್ಚರಿಕೆಯ ಆಟವೇಕೆ ಎಂದು ಕೇಳಿದವರು ಅನೇಕರು. ಕರೀಂ ಬೆಂಜೆಮಾ 2015ರ ಕೊನೆಯಿಂದ 2021ರವರೆಗೆ ತಂಡದಿಂದ ಹೊರಗುಳಿದುದೂ ಚರ್ಚೆಗೆ ಕಾರಣವಾಯಿತು. 2022ರ ಫೈನಲ್ಲಿನಲ್ಲಿ ಅರ್ಜೆಂಟೀನಾ ಎದುರು 3-3ರ ಸಮಬಲದ ಬಳಿಕ ಪೆನಾಲ್ಟಿಯಲ್ಲಿ ಸೋತು, ಇನ್ನೊಂದು ಕಪ್ ಕೈತಪ್ಪಿತು. 2026ರ ವಿಶ್ವಕಪ್ಪಿನೊಂದಿಗೆ ಹೊಣೆಯಿಂದ ಇಳಿಯುವುದಾಗಿ ಅವರು 2025ರ ಜನವರಿಯಲ್ಲಿ ಪ್ರಕಟಿಸಿದರು.

ಗೋಲು ಹೊಡೆದವರ ಹೆಸರು ಅಂಕಪಟ್ಟಿಯಲ್ಲಿ ಉಳಿಯುತ್ತದೆ. ಚೆಂಡು ತಂದುಕೊಟ್ಟವನ ದುಡಿಮೆ ಅಲ್ಲಿ ಕಾಣುವುದಿಲ್ಲ. ಹಂಗಿಸಲೆಂದು ಆಡಿದ ಮಾತು ಕಾಲಾಂತರದಲ್ಲಿ ಬಿರುದಾದುದಕ್ಕೆ ದೆಶಾಂ ಅವರ ಬದುಕೇ ಸಾಕ್ಷಿ.