ಚಿಕನ್, ಪಾಲಕ್, ಕ್ರೀಮ್ ಒಟ್ಟಿಗೆ ಸೇರಿದರೆ ವಿಷವೇ? ತೋಟದ ಊಟಕ್ಕೆ ಮೊದಲು ಇದನ್ನು ಓದಿ

ಕಡೂರು, ತರೀಕೆರೆ, ಅಜ್ಜಂಪುರ ಕಡೆ ತೆಂಗಿನ ತೋಟದಲ್ಲೋ ಮನೆ ಮುಂದಿನ ಅಂಗಳದಲ್ಲೋ ನೆಂಟರಿಷ್ಟರನ್ನು ಕರೆದು ರಾತ್ರಿ ಊಟ ಹಾಕುವುದು ಹೊಸದಲ್ಲ. ಬಾಡೂಟ ಎಂದರೆ ಮುದ್ದೆ, ಸಾರು ಎಂದಿದ್ದ ಕಡೆ ಈಗ ಯೂಟ್ಯೂಬ್ ನೋಡಿ ಕಲಿತ ಕ್ರೀಮ್ ಪಾಲಕ್ ಚಿಕನ್ ಕೂಡ ಬಂದಿದೆ. ಅದರ ಹಿಂದೆಯೇ ಫಾರ್ವರ್ಡ್‌ಗಳು: ‘ಕೋಳಿ ಜೊತೆ ಹಾಲಿನ ಪದಾರ್ಥ ತಿಂದರೆ ತೊನ್ನು ಬರುತ್ತದೆ’, ‘ಪಾಲಕ್ ಎರಡನೇ ಸಲ ಬಿಸಿ ಮಾಡಿದರೆ ವಿಷ’.

ಮೊದಲನೆಯದು ಸುಳ್ಳು. ಎರಡನೆಯದರಲ್ಲಿ ಒಂದು ಚೂರು ಸತ್ಯವಿದೆ. ಆದರೆ ಈ ಅಡುಗೆಯಲ್ಲಿರುವ ನಿಜವಾದ ಅಪಾಯ ಎರಡರಲ್ಲೂ ಇಲ್ಲ. ಅದು ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತ ಪಾತ್ರೆಯಲ್ಲಿದೆ.

ಕೋಳಿಗೆ ಹಾಲು, ಕೆನೆ ಸೇರಿದರೆ ಏನಾಗುತ್ತದೆ?

ಏನೂ ಆಗುವುದಿಲ್ಲ. ತೊನ್ನು ಬರುವುದು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಮೇಲೆ ನಮ್ಮದೇ ರೋಗನಿರೋಧಕ ವ್ಯವಸ್ಥೆ ದಾಳಿ ಮಾಡಿದಾಗ. ಊಟದ ಜೋಡಿಗೂ ಅದಕ್ಕೂ ಸಂಬಂಧವಿಲ್ಲ, ಅದು ಅಂಟುರೋಗವೂ ಅಲ್ಲ. ಬಿರಿಯಾನಿ ಕೋಳಿಯನ್ನು ಮೊಸರಲ್ಲಿ ನೆನೆಸಿ ತಿನ್ನುವವರು ಈ ಮಾತಿಗೆ ಹೆದರಬೇಕಿಲ್ಲ. ಹಾಲು ಅರಗದವರಿಗೆ ಮಾತ್ರ ಹೊಟ್ಟೆ ಉಬ್ಬರ ಆಗಬಹುದು. ಅದು ಹಾಲಿನ ಸಕ್ಕರೆಯ ಕೆಲಸ, ಕೋಳಿಯದ್ದಲ್ಲ. ಅಂದಹಾಗೆ ಕೆನೆ, ಬೆಣ್ಣೆ ಈ ಸೀಮೆಗೆ ಹೊರಗಿನಿಂದ ಬಂದದ್ದೇನಲ್ಲ. ಅಜ್ಜಂಪುರದಲ್ಲಿ ತಳಿ ಸಂವರ್ಧನಾ ಕೇಂದ್ರ ಇರುವ ಅಮೃತ್ ಮಹಲ್ ರಾಸುಗಳ ಇಲಾಖೆಗೆ ಮೈಸೂರು ಒಡೆಯರ ಕಾಲದಲ್ಲಿ ಇದ್ದ ಹೆಸರೇ ಬೆಣ್ಣೆ ಚಾವಡಿ.

ಪಾಲಕ್ ಮತ್ತೆ ಬಿಸಿ ಮಾಡಬಾರದೇ?

ಪಾಲಕ್‌ನಲ್ಲಿ ನೈಟ್ರೇಟ್ ಸಹಜವಾಗಿಯೇ ಹೆಚ್ಚು. ಬೇಯಿಸಿದ ಸೊಪ್ಪು ಹೊರಗೆ ಬಹಳ ಹೊತ್ತು ಇದ್ದರೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದು ಅತಿಯಾದರೆ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕುಗ್ಗುತ್ತದೆ. ಈ ತೊಂದರೆ ಮುಖ್ಯವಾಗಿ ಹಸುಗೂಸುಗಳಿಗೆ. ಅಂದರೆ ತಪ್ಪು ಬಿಸಿ ಮಾಡುವುದರಲ್ಲಿಲ್ಲ, ಅದಕ್ಕೆ ಮೊದಲು ಹೊರಗೆ ಬಿಟ್ಟದ್ದರಲ್ಲಿದೆ. ಫ್ರಿಜ್‌ನಲ್ಲಿಟ್ಟ ಪಾಲಕ್ ಪಲ್ಯವನ್ನು ಮರುದಿನ ದೊಡ್ಡವರು ಬಿಸಿ ಮಾಡಿ ತಿನ್ನಬಹುದು. ಎಳೆಮಕ್ಕಳಿಗೆ ಉಳಿದದ್ದು ಬೇಡ.

ಹಾಗಾದರೆ ಕ್ರೀಮ್ ಅಡುಗೆಯಲ್ಲೇ ಏಕೆ ಹೆಚ್ಚು ಎಚ್ಚರ?

ಕೋಳಿ ಸಾರು ಬಡಿಸುವವರೆಗೂ ಒಲೆ ಮೇಲೆ ಕುದಿಯುತ್ತಲೇ ಇರುತ್ತದೆ. ಕ್ರೀಮ್ ಹಾಕಿದ್ದು ಹಾಗಲ್ಲ. ಅಂಗಡಿಯಲ್ಲಿ ಸಿಗುವ ಸುಮಾರು 25% ಕೊಬ್ಬಿನ ಪ್ಯಾಕೆಟ್ ಕ್ರೀಮ್ ಜೋರಾಗಿ ಕುದಿದರೆ ಒಡೆಯುತ್ತದೆ. ಟೊಮೇಟೊ, ನಿಂಬೆಹುಳಿ ಬಿದ್ದಿದ್ದರೆ ಇನ್ನೂ ಬೇಗ. ಅದಕ್ಕೇ ‘ಕ್ರೀಮ್ ಹಾಕಿ ಒಲೆ ಆರಿಸಿ’ ಎನ್ನುತ್ತಾರೆ. ಮನೆಯಲ್ಲಿ ನಾಲ್ಕು ಜನಕ್ಕೆ ಅದು ಸರಿ. ತೋಟದಲ್ಲಿ 30 ಜನ ಬರಬೇಕು, ಬಂದವರು ಮಾತಿಗೆ ಕೂರಬೇಕು, ಎಲ್ಲರೂ ಉಂಡು ಏಳುವಷ್ಟರಲ್ಲಿ ರಾತ್ರಿ 11 ಆಗುತ್ತದೆ.

ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ದೊಡ್ಡ ಪಾತ್ರೆಯ ಮಾಂಸದಡುಗೆ 45 ಡಿಗ್ರಿ ಆಸುಪಾಸಿಗೆ ಇಳಿದಾಗ ಅವು ಮೊಳೆತು, ಸುಮಾರು 10 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಲೆಕ್ಕ ಹಾಕಿ: ಆ ವೇಗದಲ್ಲಿ ಒಂದು ಬ್ಯಾಕ್ಟೀರಿಯಾ ಮೂರು ಗಂಟೆಯಲ್ಲಿ 2,62,144 ಆಗುತ್ತದೆ. ವಾಸನೆ, ರುಚಿ ಎರಡೂ ಬದಲಾಗದೆ ಇರಬಹುದು. ಬೇಯಿಸಿದ ಅಡುಗೆಯನ್ನು ಹೊರಗೆ 2 ಗಂಟೆಗಿಂತ ಹೆಚ್ಚು ಬಿಡಬೇಡಿ, ಬಿಸಿ ಇಡುವುದಾದರೆ 60 ಡಿಗ್ರಿಗಿಂತ ಮೇಲಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ. ಏಪ್ರಿಲ್‌ನ ಕಡೂರಿನ ಬಿಸಿಲಲ್ಲಿ ಮಧ್ಯಾಹ್ನದ ಊಟವಾದರೆ 1 ಗಂಟೆ ಎಂದೇ ಇಟ್ಟುಕೊಳ್ಳಿ.

ಮಾಡುವುದು ಹೇಗೆ?

ಕ್ರೀಮನ್ನು ಇಡೀ ಪಾತ್ರೆಗೆ ಒಂದೇ ಸಲ ಸುರಿಯಬೇಡಿ. ನಮ್ಮ ಪ್ರಕಾರ ಇಡೀ ಅಡುಗೆಯ ಗುಟ್ಟು ಇಷ್ಟೇ. 20 ಜನಕ್ಕೆ 4 ಕೆ.ಜಿ. ಕೋಳಿ, 2 ಕೆ.ಜಿ. ಪಾಲಕ್, 1 ಕೆ.ಜಿ. ಈರುಳ್ಳಿ, 200 ಮಿ.ಲೀ.ನ ನಾಲ್ಕು ಪ್ಯಾಕೆಟ್ ಕ್ರೀಮ್ ಸಾಕು. ಪಾಲಕನ್ನು ಕುದಿಯುವ ನೀರಿಗೆ ಎರಡು ನಿಮಿಷ ಹಾಕಿ, ತೆಗೆದು ತಣ್ಣೀರಿಗೆ ಬಿಟ್ಟು ರುಬ್ಬಿ. ನೀರು ಚೆಲ್ಲಿದರೆ ನೈಟ್ರೇಟ್, ಆಕ್ಸಲೇಟ್ ಒಂದಷ್ಟು ಹೋಗುತ್ತವೆ, ಹಸಿರೂ ಉಳಿಯುತ್ತದೆ. ಹಸಿರು ಉಳಿಯಲಿ ಎಂದು ಅಡುಗೆ ಸೋಡಾ ಹಾಕಿದರೆ ಬಣ್ಣ ನಿಲ್ಲುತ್ತದೆ, ಆದರೆ ವಿಟಮಿನ್ ಸಿ ಹಾಳಾಗುತ್ತದೆ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಬಾಡಿಸಿ ಕೋಳಿ ಬೇಯಿಸಿ, ಪಾಲಕ್ ಸೇರಿಸಿ. ಈ ಮೂಲ ಮಸಾಲೆ ತೆಂಗಿನ ಚಿಪ್ಪಿನ ಕೆಂಡದ ಮೇಲೆ ಸಣ್ಣಗೆ ಕುದಿಯುತ್ತಲೇ ಇರಲಿ. ಒಂದೊಂದು ಪಂಕ್ತಿಗೆ ಬೇಕಾದಷ್ಟನ್ನು ಬೇರೆ ಪಾತ್ರೆಗೆ ತೆಗೆದು, ಆಗ ಕ್ರೀಮ್ ಬೆರೆಸಿ ಬಡಿಸಿ. ಒಡೆದ ಪ್ಯಾಕೆಟ್ ಐಸ್ ಡಬ್ಬಿಯಲ್ಲಿರಲಿ.

ತುಂಡಿನ ಬಣ್ಣ ಬಿಳಿಯಾದ ಮಾತ್ರಕ್ಕೆ ಬೆಂದಿದೆ ಎನ್ನಲಾಗದು. ದಪ್ಪ ತುಂಡಿನ ನಡುವೆ ಕನಿಷ್ಠ 70 ಡಿಗ್ರಿ ಮುಟ್ಟಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಚೆನ್ನಾಗಿ ಕುದಿಸಿ, ಮಾಂಸ ಮೂಳೆಯಿಂದ ಬಿಡುವಂತಿರಲಿ. ಹಸಿ ಕೋಳಿಯನ್ನು ನಲ್ಲಿ ಕೆಳಗೆ ಜೋರಾಗಿ ತೊಳೆದರೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳು ಪಕ್ಕದ ಕೋಸಂಬರಿಗೂ ಸಿಡಿಯುತ್ತವೆ. ತೊಳೆಯಲೇಬೇಕು ಎನ್ನುವವರು ಬೇರೆ ಬಟ್ಟಲಲ್ಲಿ ನಿಧಾನವಾಗಿ ತೊಳೆದು, ಬಟ್ಟಲನ್ನೂ ಕೈಯನ್ನೂ ಸೋಪಿನಿಂದ ತೊಳೆಯಿರಿ.

ಉಳಿದದ್ದನ್ನು ಮತ್ತೆ ಕುದಿಸಿದರೆ ಸಾಲದೇ?

ಅರ್ಧ ಮಾತ್ರ ನಿಜ. ಮೇಲೆ ಹೇಳಿದ ಬ್ಯಾಕ್ಟೀರಿಯಾ ಚೆನ್ನಾಗಿ ಕುದಿಸಿದರೆ ಸಾಯುತ್ತದೆ. ಆದರೆ ಬಡಿಸುವವರ ಕೈಗಾಯ, ಮೂಗಿನಿಂದ ಬರುವ ಸ್ಟೆಫೈಲೊಕಾಕಸ್ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ಹಾಗಾಗಿ 2 ಗಂಟೆಯೊಳಗೆ ಅಗಲವಾದ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ತಣಿಸಿ ಫ್ರಿಜ್‌ಗೆ ಇಡಿ. ರಾತ್ರಿಯಿಡೀ ಅಂಗಳದಲ್ಲಿ ಮುಚ್ಚಿಟ್ಟದ್ದನ್ನು ಬೆಳಿಗ್ಗೆ ಕೆಲಸದವರಿಗೆ ಕೊಟ್ಟು ಕಳಿಸುವ ಅಭ್ಯಾಸ ಬಿಡಬೇಕು.

ಊಟವಾದ ಕೆಲವೇ ಗಂಟೆಯಲ್ಲಿ ಹಲವರಿಗೆ ವಾಂತಿ ಶುರುವಾದರೆ ಸ್ಟೆಫೈಲೊಕಾಕಸ್ ವಿಷದ ಸಾಧ್ಯತೆ ಹೆಚ್ಚು. ಮರುದಿನ ಬೆಳಿಗ್ಗೆ ಹೊಟ್ಟೆ ಹಿಂಡಿ ಭೇದಿಯಾದರೆ ಪರ್ಫ್ರಿಂಜೆನ್ಸ್ ಇರಬಹುದು. ಒಂದು ಲೀಟರ್‌ಗೆಂದು ಬರೆದಿರುವ ಓಆರ್‌ಎಸ್ ಪ್ಯಾಕೆಟನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಕದಡಿ ಗುಟುಕು ಗುಟುಕಾಗಿ ಕುಡಿಸಿ. ಜ್ವರ ಅಥವಾ ಭೇದಿಯಲ್ಲಿ ರಕ್ತ ಇದ್ದರೆ ಭೇದಿ ನಿಲ್ಲಿಸುವ ಮಾತ್ರೆ ನೀವಾಗಿಯೇ ಕೊಡಬೇಡಿ. ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಸುಸ್ತಾಗಿದ್ದರೆ, ಮೂತ್ರ ಕಡಿಮೆಯಾದರೆ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ ಅಥವಾ 108ಕ್ಕೆ ಕರೆ ಮಾಡಿ. ಎಷ್ಟು ಗಂಟೆಗೆ ಉಂಡಿರಿ, ಎಷ್ಟು ಗಂಟೆಗೆ ಶುರುವಾಯಿತು ಎಂಬುದನ್ನು ವೈದ್ಯರಿಗೆ ಹೇಳಿ.