ಹಂಪಿಯಲ್ಲಿ ರೂಮ್ ಹುಡುಕೋ ಮುಂಚೆ ಈ ಕಥೆ ಕೇಳಿ

ಹಂಪಿಗೆ ಹೊರಟ ಗೆಳೆಯರು ನನ್ನನ್ನ ಕೇಳೋ ಮೊದಲ ಪ್ರಶ್ನೆ: ‘ಗುಡಿ ಹತ್ತಿರಾನೇ ರೂಮ್ ಸಿಗುತ್ತಾ?’ ಮೊಬೈಲಲ್ಲಿ ಎರಡು ನಿಮಿಷದ ಕೆಲಸ ಅನ್ಸುತ್ತೆ. ಆದ್ರೆ ಈ ಪ್ರಶ್ನೆಗೆ ದೊಡ್ಡ ಇತಿಹಾಸ ಇದೆ. ಇವತ್ತು ಅದನ್ನೇ ಮಾತಾಡೋಣ.

1443ರಲ್ಲಿ ತೈಮೂರಿ ದೊರೆ ಶಾರುಖ್‌ನ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದ. ಆಗ ಎರಡನೇ ದೇವರಾಯನ ಆಳ್ವಿಕೆ. ತನಗೆ ಉಳಿಯೋಕೆ ಒಂದು ದೊಡ್ಡ ಮನೆಯನ್ನೇ ಬಿಟ್ಟುಕೊಟ್ರು ಅಂತ ಅವನು ಬರೆದಿಟ್ಟಿದ್ದಾನೆ. ದೂರದಿಂದ ಬಂದವರಿಗೆ ಜಾಗ ಕೊಡೋದು ಈ ಊರಿಗೆ ಹೊಸದೇನಲ್ಲ.

1565ರ ಯುದ್ಧದ ನಂತರ ರಾಜಧಾನಿ ಹಾಳಾಯ್ತು. ಆದ್ರೂ ವಿರೂಪಾಕ್ಷನಿಗೆ ಇವತ್ತಿಗೂ ಪೂಜೆ ನಡೀತಿದೆ. ಪೂಜೆ ಇದ್ದಲ್ಲಿ ಯಾತ್ರಿಕರು, ಯಾತ್ರಿಕರಿದ್ದಲ್ಲಿ ಅಂಗಡಿ, ಊಟ, ಮಲಗೋಕೊಂದು ಚಾಪೆ. ಗುಡಿ ಎದುರಿನ ರಥಬೀದಿಯ ಕಲ್ಲಿನ ಮಂಟಪಗಳಿಗೇ ಗೋಡೆ ಎಬ್ಬಿಸಿಕೊಂಡು ಜನ ಬದುಕು ಕಟ್ಟಿಕೊಂಡ್ರು. 1986ರಲ್ಲಿ ಹಂಪಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪ್ರವಾಸಿಗರು ಹೆಚ್ಚಾದಂತೆ ಮನೆಯಲ್ಲೊಂದು ಕೋಣೆ ಬಾಡಿಗೆಗೆ ಕೊಡೋದೂ ಹೆಚ್ಚಾಯ್ತು. ಗೆಸ್ಟ್‌ಹೌಸ್ ಅಂದ್ರೆ ಹಂಪಿಯಲ್ಲಿ ಬಹುಪಾಲು ಇದೇ.

2011ರ ಜುಲೈನಲ್ಲಿ ಬಜಾರಿಗೆ ಜೆಸಿಬಿ ಬಂತು. ಮಂಟಪಗಳಲ್ಲಿದ್ದ ಕುಟುಂಬಗಳು ಹೊರಗೆ ಬಂದ್ವು. ಅವರಿಗೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಲಾಯ್ತು. ಹೊಳೆಯಾಚೆ, ಕೊಪ್ಪಳ ಜಿಲ್ಲೆಗೆ ಸೇರಿದ ವಿರೂಪಾಪುರ ಗಡ್ಡೆಯಲ್ಲಿ ರೆಸಾರ್ಟ್‌ಗಳ ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. 2020ರ ಫೆಬ್ರವರಿಯಲ್ಲಿ ತೀರ್ಪು, ಮಾರ್ಚ್‌ನಲ್ಲಿ ತೆರವು.

ಸಿಮೆಂಟ್ ಗೋಡೆ, ಬೋರ್ಡುಗಳ ಹಿಂದೆ ಹಳೇ ಕಂಬಗಳು ಮುಚ್ಚಿಹೋಗಿದ್ದು ನಿಜ. ಸ್ಮಾರಕ ಉಳೀಬೇಕು, ಅದಕ್ಕೆ ಕಾನೂನೂ ಬೇಕು, ಒಪ್ಪುತ್ತೀನಿ. ಆದ್ರೆ ಒಂದು ಮಾತು ನನಗೆ ಮುಖ್ಯ ಅನ್ಸುತ್ತೆ: ಬಜಾರು ಅಂದ್ರೆ ಬರೀ ಕಲ್ಲಲ್ಲ, ಅಲ್ಲಿ ವ್ಯಾಪಾರ ಮಾಡೋ ಜನಾನೂ ಹೌದು. ಕಂಬ ಉಳಿಸೋಕೆ ನಮ್ಮಲ್ಲಿ ನಿಯಮಗಳಿವೆ. ಕಂಬದ ಪಕ್ಕದಲ್ಲಿ ಬದುಕಿದವರನ್ನ ಜೊತೆಗಿಟ್ಟುಕೊಂಡು ಪರಂಪರೆ ಕಾಯೋದು ಹೇಗೆ ಅನ್ನೋದನ್ನ ನಾವಿನ್ನೂ ಕಲೀಬೇಕು.

ಈಗ ರೂಮಿನ ವಿಷಯ. ಬಸ್ಸು, ರೈಲು, ಎಲ್ಲ ರೇಟಿನ ಲಾಡ್ಜ್ ಬೇಕಂದ್ರೆ ಹೊಸಪೇಟೆ, ಹಂಪಿಗೆ ಸುಮಾರು 13 ಕಿ.ಮೀ. ಇನ್ನೂ ಹತ್ತಿರ ಬೇಕಂದ್ರೆ ಕಮಲಾಪುರ. ಅಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಇದೆ. ಹಳ್ಳಿ, ಗದ್ದೆ, ಬಂಡೆ ಇಷ್ಟ ಅಂದ್ರೆ ಹೊಳೆಯಾಚೆ ಆನೆಗುಂದಿ ಕಡೆ ನೋಡಿ. ಎಲ್ಲೇ ಬುಕ್ ಮಾಡಿದ್ರೂ ಮೊದಲು ಫೋನ್ ಮಾಡಿ, ಲೈಸೆನ್ಸ್ ಇದೆಯಾ ಅಂತ ಕೇಳಿ. ಆ್ಯಪ್‌ನಲ್ಲಿ ಕಾಣೋ ಫೋಟೋ, ರಿವ್ಯೂ ಯಾವ ವರ್ಷದ್ದು ಅಂತಾನೂ ನೋಡ್ಕೊಳ್ಳಿ.

ರೂಮ್ ಸಿಕ್ಕಮೇಲೆ ಮನೆಯವರ ಜೊತೆ ಕೂತು ಮಾತಾಡಿ. ‘ನೀವು ಮುಂಚೆ ಎಲ್ಲಿದ್ರಿ?’ ಅಂತ ಕೇಳಿ ನೋಡಿ. ಗೈಡ್ ಪುಸ್ತಕದಲ್ಲಿ ಇಲ್ಲದ ಹಂಪಿ ಅಲ್ಲಿಂದ ಶುರುವಾಗಬಹುದು.

ಮುಂದಿನ ಸಂಚಿಕೆಯಲ್ಲಿ ಸಿಗೋಣ.