ಮಿಸ್ತೆಕಾದ ರೇಷ್ಮೆ ಮತ್ತು ಕೊಳ್ಳೇಗಾಲದ ಶಾಲೆ: ಸಂಚಾರಿ ಪ್ರದರ್ಶನಕ್ಕೊಂದು ಟಿಪ್ಪಣಿ

ನಮ್ಮ ಪ್ರೌಢಶಾಲೆಯ ಮಕ್ಕಳಿಗೆ ಸ್ಪೇನಿನ ವಸಾಹತುಶಾಹಿಯ ಪರಿಚಯವಾಗುವುದು ಕೊಲಂಬಸನ ಹಡಗಿನ ಮೂಲಕ. 1492, ಭೌಗೋಳಿಕ ಅನ್ವೇಷಣೆ, ಹೊಸ ಜಲಮಾರ್ಗ ಇಷ್ಟು ಗೊತ್ತಿದ್ದರೆ ಪರೀಕ್ಷೆಗೆ ಸಾಕು. ಹಡಗು ಮುಟ್ಟಿದ ನೆಲದ ರೈತರೂ ನೇಕಾರರೂ ಆಮೇಲಿನ ಮುನ್ನೂರು ವರ್ಷ ಹೇಗೆ ಬದುಕಿದರೆಂಬುದು ಪಾಠದ ಹೊರಗೇ ಉಳಿಯುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಶಾಲೆಗಳಿಗೆ ಈ ವಿಷಯದ ಸಂಚಾರಿ ಪ್ರದರ್ಶನವೊಂದನ್ನು ರೂಪಿಸುವುದಾದರೆ ಅದು ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಶುರುವಾಗಬೇಕೆಂಬುದು ನನ್ನ ವಾದ.

ಕಾರಣ ಮೆಕ್ಸಿಕೋದ ಚರಿತ್ರೆಯಲ್ಲೇ ಇದೆ. ಅಲ್ಲಿನ ದಕ್ಷಿಣ ಭಾಗದ ಮಿಸ್ತೆಕಾ ಬೆಟ್ಟಸೀಮೆಯಲ್ಲಿ ಸ್ಪೇನಿನವರು 16ನೆಯ ಶತಮಾನದ ಮೊದಲರ್ಧದಲ್ಲಿ ರೇಷ್ಮೆ ಸಾಕಣೆಯನ್ನು ನೆಲೆಗೊಳಿಸಿದರು. ಸೊಪ್ಪು ಕೊಯ್ದವರು, ಹುಳು ಮೇಯಿಸಿದವರು, ನೂಲು ಬಿಚ್ಚಿದವರು ಅಲ್ಲಿನ ಮೂಲನಿವಾಸಿಗಳು. ಆ ದುಡಿಮೆಯ ಒಂದು ಪಾಲು ಕಪ್ಪವಾಗಿ ಹೋಗುತ್ತಿತ್ತು. ಗೊತ್ತಾದ ಊರುಗಳ ಜನರಿಂದ ಕಪ್ಪವನ್ನೂ ದುಡಿಮೆಯನ್ನೂ ಪಡೆಯುವ ಹಕ್ಕನ್ನು ಒಬ್ಬೊಬ್ಬ ಸ್ಪೇನಿಯನಿಗೆ ಬರೆದುಕೊಡುವ ಈ ಪದ್ಧತಿಯ ಹೆಸರು ಎನ್‌ಕೊಮಿಯೆಂಡಾ. 1565ರಿಂದ ಮನಿಲಾ ಮತ್ತು ಅಕಾಪುಲ್ಕೊ ನಡುವೆ ಹಡಗು ಓಡತೊಡಗಿತು. ಅಮೆರಿಕದ ಬೆಳ್ಳಿ ಪಶ್ಚಿಮಕ್ಕೆ ಹೋಯಿತು, ಚೀನಾದ ರೇಷ್ಮೆ ಮೆಕ್ಸಿಕೋಕ್ಕೆ ಬಂತು. ಹೊರಗಿನಿಂದ ಬಂದ ರೋಗಗಳಿಗೆ ಸಿಕ್ಕಿ ಮಿಸ್ತೆಕಾದ ಜನಸಂಖ್ಯೆ ಆಗಲೇ ಕುಸಿದಿತ್ತು. ಚೀನಾದ ಸರಕಿನ ಎದುರು ಅಲ್ಲಿನ ರೇಷ್ಮೆ 1600ರ ಸುಮಾರಿಗೆ ಸೊರಗಿಹೋಯಿತು. ವುಡ್ರೋ ಬೋರಾ ಎಂಬ ಇತಿಹಾಸಕಾರರು 1943ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕಥೆಯನ್ನು ಬಿಡಿಸಿಡುತ್ತದೆ. ಚೀನಾ ರೇಷ್ಮೆ ಆಮದಾದಾಗ ಗೂಡಿನ ಬೆಲೆ ಬಿದ್ದುದನ್ನು ಕಂಡ ಮನೆಯ ಮಗುವಿಗೆ ಇದರ ಅರ್ಥ ಹೇಳಿಕೊಡಬೇಕಾಗಿಲ್ಲ. ರೇಷ್ಮೆ ಇಲ್ಲಿಗೆ ಹೊಸತಲ್ಲ: ತಾನು ಆಗ ಸೇರಿದ್ದ ಮದ್ರಾಸ್ ಪ್ರಾಂತ್ಯದ ಹಿಪ್ಪುನೇರಳೆಯ ಬಹುಪಾಲು ಒಂದು ಕಾಲಕ್ಕೆ ಕೊಳ್ಳೇಗಾಲ ತಾಲ್ಲೂಕಿನಲ್ಲೇ ಇತ್ತು.

ಅದೇ ಬೆಟ್ಟಸೀಮೆಯ ಇನ್ನೊಂದು ಬೆಳೆ ಕೆಂಪು ಬಣ್ಣ. ಪಾಪಾಸುಕಳ್ಳಿಯ ಜಾತಿಯ ಗಿಡದ ಮೇಲೆ ಬದುಕುವ ಕೊಚಿನೀಲ್ ಎಂಬ ಸಣ್ಣ ಕೀಟವನ್ನು ಒಣಗಿಸಿ ಬಣ್ಣ ತೆಗೆಯುವ ವಿದ್ಯೆ ಅಲ್ಲಿನವರಿಗೆ ಸ್ಪೇನಿನವರು ಬರುವ ಮೊದಲೇ ಕರಗತವಾಗಿತ್ತು. ಒಂದು ಪೌಂಡ್ ಬಣ್ಣಕ್ಕೆ ಸುಮಾರು 70,000 ಕೀಟಗಳು ಬೇಕು. ಬೆಳ್ಳಿಯನ್ನು ಬಿಟ್ಟರೆ ಮೆಕ್ಸಿಕೋದಿಂದ ಸ್ಪೇನಿಗೆ ಹೋದ ಅತಿ ಬೆಲೆಯ ಸರಕು ಇದೇ. ಸ್ಪೇನಿನ ಈ ಏಕಸ್ವಾಮ್ಯವನ್ನು ಮುರಿಯುವ ಆಸೆ ಈಸ್ಟ್ ಇಂಡಿಯಾ ಕಂಪನಿಗೂ ಇತ್ತು. ಮದ್ರಾಸಿನಲ್ಲಿ ವೈದ್ಯ ಜೇಮ್ಸ್ ಆಂಡರ್ಸನ್ 1786ರಿಂದ ಇದರ ಬೆನ್ನು ಹತ್ತಿದ. ಸೈದಾಪೇಟೆಯಲ್ಲಿ ಕಳ್ಳಿತೋಟ ಎದ್ದಿತು. ಹಿಪ್ಪುನೇರಳೆ ಮತ್ತು ರೇಷ್ಮೆಹುಳುವಿನ ಪ್ರಯೋಗಗಳನ್ನು ನಡೆಸಿದವನೂ ಇವನೇ. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಬ್ರೆಜಿಲಿನಿಂದ ಕಲ್ಕತ್ತಕ್ಕೆ ತಂದ ಕೊಚಿನೀಲ್ ಕೀಟ ಕೀಳು ತಳಿಯದು. ಅದು ಒಳ್ಳೆಯ ಬಣ್ಣ ಕೊಡಲಿಲ್ಲ, ಒಂದು ಜಾತಿಯ ಕಳ್ಳಿಯನ್ನು ಮಾತ್ರ ದಕ್ಷಿಣ ಭಾರತದ ಉದ್ದಕ್ಕೂ ತಿಂದು ಮುಗಿಸಿತು. ಈ ಭಾಗವನ್ನು ಪ್ರದರ್ಶನದಲ್ಲಿ ಧಾರಾಳವಾಗಿ ತೋರಿಸಬೇಕು. ಒಣಗಿದ ಕೀಟ, ಅದರಲ್ಲಿ ಅದ್ದಿದ ಕೊಳ್ಳೇಗಾಲದ ರೇಷ್ಮೆ ನೂಲು, ಪಕ್ಕದಲ್ಲೊಂದು ಕಳ್ಳಿ ಇಟ್ಟರೆ ಅದಕ್ಕಿಂತ ಒಳ್ಳೆಯ ಪಾಠೋಪಕರಣ ನನಗೆ ತೋಚುವುದಿಲ್ಲ.

ಪರದೇಶದ ಆಳ್ವಿಕೆ ಎಲ್ಲೆಡೆ ಒಂದೇ ರೂಪದಲ್ಲಿರುವುದಿಲ್ಲ ಎಂಬುದನ್ನು ತಿಳಿಸಲು ಈ ಮೂರು ತಾಲ್ಲೂಕುಗಳ ನಕ್ಷೆಯೇ ಸಾಕು. 1799ರ ಮೈಸೂರು ಯುದ್ಧದ ನಂತರ ಇಂದಿನ ಹನೂರೂ ಸೇರಿದ್ದ ಕೊಳ್ಳೇಗಾಲ ಸೀಮೆ ಕಂಪನಿಯ ನೇರ ಆಡಳಿತಕ್ಕೆ ಹೋಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರವರೆಗೆ ಅದು ಮತ್ತೆ ಮೈಸೂರಿನ ಭಾಗವಾಗಲಿಲ್ಲ. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದೊಳಗೇ ಇದ್ದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಯಿತು. ಜಹಗೀರನ್ನು ಎನ್‌ಕೊಮಿಯೆಂಡಾದ ಜೊತೆ ಇಟ್ಟು ನೋಡಬಹುದು, ಎರಡೂ ಒಂದೇ ಎನ್ನಬಾರದು. ಜಹಗೀರು ನೆಲದ ಕಂದಾಯದ ಮೇಲಿನ ಹಕ್ಕು, ಪಡೆದವರು ಈ ನಾಡಿನವರೇ. ಮೆಕ್ಸಿಕೋದಲ್ಲಿ ಹಂಚಿಹೋದದ್ದು ಸೋತ ಜನರ ಕಪ್ಪ ಮತ್ತು ದುಡಿಮೆ.

ಇಂಥ ಎಚ್ಚರ ಲಂಟಾನದ ವಿಷಯದಲ್ಲೂ ಬೇಕು. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಕಾಡುಗಳನ್ನು ಮುಚ್ಚಿರುವ ಈ ಪೊದೆ ಅಮೆರಿಕ ಮೂಲದ್ದು. ಭಾರತಕ್ಕೆ ಅದನ್ನು ತಂದವರು ಸ್ಪೇನಿನವರಲ್ಲ. 1809ರಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂತು. ನೆಲಬೆಂಕಿ ನಿಂತ ಮೇಲೆ ಲಂಟಾನ ಹಬ್ಬಿತೆಂದು ಈ ಕಾಡುಗಳ ಆದಿವಾಸಿಗಳಾದ ಸೋಲಿಗರ ಹಿರಿಯರು ಹೇಳುತ್ತಾರೆ. ಅವರ ಮಾತು ಪ್ರದರ್ಶನದಲ್ಲಿ ಅವರದೇ ದನಿಯಲ್ಲಿ ಕೇಳಿಸಬೇಕು. ಮಹದೇಶ್ವರ ಬೆಟ್ಟದ ಸೋಲಿಗರು ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ತರಬೇತಿ ಪಡೆದು ಲಂಟಾನದಿಂದ ಪೀಠೋಪಕರಣ ಮಾಡುತ್ತಾರೆ. ನೀಲಗಿರಿಯ ಆದಿವಾಸಿ ಕುಶಲಕರ್ಮಿಗಳು ಅದರಲ್ಲೇ ಕಟ್ಟಿದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು.

ಬಸ್ಸಿನಲ್ಲಿ ವಸ್ತುಸಂಗ್ರಹಾಲಯ ಒಯ್ಯುವುದು ಹೊಸತಲ್ಲ. ಕಲ್ಕತ್ತದ ಬಿರ್ಲಾ ವಸ್ತುಸಂಗ್ರಹಾಲಯ 1965ರಲ್ಲೇ ಆರಂಭಿಸಿತು, ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವೂ ವಿಜ್ಞಾನದ ಬಸ್ಸುಗಳನ್ನು ಹಳ್ಳಿಗಳಿಗೆ ಕಳಿಸಿದೆ. ಆದರೆ ಬೆಟ್ಟದೊಳಗಿನ ಪೋಡುಗಳಿಗೆ, ಅಂದರೆ ಸೋಲಿಗರ ಹಾಡಿಗಳಿಗೆ, ಬಸ್ಸು ಹೋಗದು, ಜೀಪಿನಲ್ಲಿ ಸಾಗಿಸಬಹುದಾದ ಪೆಟ್ಟಿಗೆಗಳೇ ಬೇಕು. ಹನೂರು ತಾಲ್ಲೂಕಿನ ಮಾರ್ಟಳ್ಳಿಯ ಕಡೆ ತಮಿಳು ಮನೆಮಾತಿನ ಕ್ರೈಸ್ತ ಮಕ್ಕಳಿದ್ದಾರೆ. ಅವರ ಮುಂದೆ ಸ್ಪೇನಿನ ಕ್ರೌರ್ಯವನ್ನು ಹೇಳುವಾಗ ಅದೇ ಕ್ರೌರ್ಯದ ವಿರುದ್ಧ 1552ರಲ್ಲಿ ಪುಸ್ತಕ ಪ್ರಕಟಿಸಿದ ಪಾದ್ರಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್‌ನನ್ನೂ ಹೇಳಲೇಬೇಕು. ಯಾವ ಮಗುವೂ ತನ್ನ ಧರ್ಮವೇ ಅಪರಾಧಿಯೆಂದು ಭಾವಿಸಿ ಮನೆಗೆ ಹೋಗಬಾರದು.

ಬೆಂಗಳೂರು, ಮೈಸೂರಿನ ವಸ್ತುಸಂಗ್ರಹಾಲಯಗಳಲ್ಲಿ ನನ್ನ ಕೋರಿಕೆ ಒಂದೇ: ಇಂಥ ಪೆಟ್ಟಿಗೆಯನ್ನು ಸಿದ್ಧಪಡಿಸುವ ಮೊದಲ ಸಭೆಗೇ ಕೊಳ್ಳೇಗಾಲದ ರೇಷ್ಮೆ ಬೆಳೆಗಾರರನ್ನೂ ಹನೂರಿನ ಸೋಲಿಗರನ್ನೂ ಈ ಮೂರು ತಾಲ್ಲೂಕುಗಳ ಸಮಾಜ ವಿಜ್ಞಾನ ಶಿಕ್ಷಕರನ್ನೂ ಕರೆಯಿರಿ.